ಹಳೆಯ ಡಿವಿಡಿ, ಹಳೆಯ ತಂಟೆ

ಕಪಾಟು ಒರೆಸುವಾಗ ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮ 'ಸ್ಯಾಟರ್ಡೇ ನೈಟ್ ಲೈವ್'ನ 25ನೇ ವರ್ಷದ ವಿಶೇಷ ಕಾರ್ಯಕ್ರಮದ ಡಿವಿಡಿ ಸಿಕ್ಕಿತು. ಕೆಲಸ ಅಲ್ಲಿಗೇ ನಿಂತಿತು! 1999ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಿಂದ ಪ್ರಸಾರವಾದದ್ದು. ಅಮೆರಿಕದ ರಾಜಕೀಯದ ಪ್ರಹಸನಗಳು ನನಗೆ ಅಷ್ಟಕ್ಕಷ್ಟೇ. ಆದರೆ ಇಂಗ್ಲೆಂಡಿನ ಗಾಯಕ ಎಲ್ವಿಸ್ ಕಾಸ್ಟೆಲೊ ಬರುವ ಭಾಗವನ್ನು ಮೂರು ಸಲ ನೋಡಿದೆ. 1977ರಲ್ಲಿ ಈತ ಇದೇ ಕಾರ್ಯಕ್ರಮದ ನೇರಪ್ರಸಾರದಲ್ಲಿ ಶುರುಮಾಡಿದ ಹಾಡನ್ನು ಥಟ್ಟನೆ ನಿಲ್ಲಿಸಿ, ಬೇರೊಂದನ್ನು ಹಾಡಿಬಿಟ್ಟಿದ್ದ. 1989ರವರೆಗೆ ಮತ್ತೆ ಕರೆಯಲೇ ಇಲ್ಲ. ಈ ಡಿವಿಡಿಯಲ್ಲಿ ಬೀಸ್ಟಿ ಬಾಯ್ಸ್ ಎಂಬ ತಂಡ ಹಾಡುತ್ತಿರುವಾಗ ನುಗ್ಗಿ, ಅವರನ್ನು ತಡೆದು, ಅವರ ವಾದ್ಯಗಳ ಜೊತೆಗೇ, 1977ರಲ್ಲಿ ಬದಲಿಗೆ ಹಾಡಿದ್ದ ಅದೇ ಹಾಡನ್ನು ಹಾಡುತ್ತಾನೆ. ನಮ್ಮ ಮನೆಯ ಹಳೆಯ ಜಗಳಗಳೂ ಹೀಗೆಯೇ, ಹಬ್ಬದೂಟದ ಎಲೆಯ ಮುಂದೆ ನಗೆಯ ಸರಕು. ಅದಕ್ಕೆ ಇಪ್ಪತ್ತು ವರ್ಷವಾದರೂ ಬೇಕು, ಅಷ್ಟೆ. ಕಪಾಟಿನ ಧೂಳು ನಾಳೆ ನೋಡಿಕೊಂಡರಾಯಿತು.