ಹಲ್ಲು ಕ್ಲೀನಿಂಗ್ ಯಾರು ಮಾಡಬೇಕು?

"ಕ್ಲೀನಿಂಗ್ ತಾನೇ, ಅಸಿಸ್ಟೆಂಟ್ ಮಾಡಿದ್ರೆ ಏನಾಗುತ್ತೆ?" ಇವತ್ತು ಮತ್ತೆ ಇದೇ ಪ್ರಶ್ನೆ ಬಂತು.

ಪಾಲಿಶಿಂಗ್ ಆದ್ರೆ ಧಾರಾಳವಾಗಿ ಮಾಡಲಿ. ರಬ್ಬರ್ ಕಪ್, ಪೇಸ್ಟ್, ಕಡಿಮೆ ವೇಗ. ಒಂದೇ ಕಡೆ ಒತ್ತಿ ಹಿಡೀಬಾರದು, ಅಷ್ಟೇ.

ಸ್ಕೇಲಿಂಗ್, ಅಂದ್ರೆ ಹಲ್ಲಿಗೆ ಅಂಟಿ ಗಟ್ಟಿಯಾದ ಪಾಚಿ (ಟಾರ್ಟರ್) ತೆಗೆಯೋದು, ಅದರ ಮಾತು ಬೇರೆ.

ಅಲ್ಟ್ರಾಸಾನಿಕ್ ಸ್ಕೇಲರ್‌ನ ತುದಿ ಸೆಕೆಂಡಿಗೆ ಸುಮಾರು 25,000ದಿಂದ 30,000 ಸಲ ಅದುರುತ್ತೆ. ಮೊನೆ ಹಲ್ಲಿಗೆ ಚುಚ್ಚಬಾರದು. ಪಕ್ಕದ ಮೈ ಮಾತ್ರ ತಾಗಬೇಕು, ಅದೂ ಸವರಿದ ಹಾಗೆ. ಮೊನೆ ಒತ್ತಿದ್ರೆ ಬೇರಿನ ಮೇಲೆ ಗೀರು ಬೀಳುತ್ತೆ. ನೀರು ಸರಿಯಾಗಿ ಬರದಿದ್ರೆ ಬಿಸಿ ಏರಿ ಒಳಗಿನ ನರಕ್ಕೇ ಪೆಟ್ಟು. ತುದಿ 2 ಮಿ.ಮೀ. ಸವೆದಿದ್ರೆ ಅದರ ಶಕ್ತಿ ಹೆಚ್ಚುಕಮ್ಮಿ ಅರ್ಧ ಹೋಯ್ತು ಅಂತಲೇ ಲೆಕ್ಕ. ಆಗ ಕೈ ತಾನಾಗಿ ಜೋರಾಗುತ್ತೆ. (ತುದಿ ಬದಲಾಯಿಸೋಕೆ ಜಿಪುಣತನ ಮಾಡೋರು ಬೇಕಾದಷ್ಟು ಜನ!)

ಇಷ್ಟನ್ನೂ ಕಲಿಸಬಹುದು ಅನ್ನಿ. ಒಸಡಿನ ಮೇಲೆ ಕಾಣೋ ಟಾರ್ಟರ್ ಮಾತ್ರ, ಡಾಕ್ಟರ್ ಮೊದಲು ನೋಡಿ, ಕೊನೆಗೂ ನೋಡೋದಾದ್ರೆ, ತರಬೇತಿ ಆದ ಅಸಿಸ್ಟೆಂಟ್ ಮಾಡಲಿ. ನನ್ನ ತಕರಾರಿಲ್ಲ.

ತೊಂದರೆ ಇರೋದು ಒಸಡಿನ ಕೆಳಗೆ. ಹಲ್ಲು-ಒಸಡಿನ ನಡುವಿನ ಸಂದಿಯ ಆಳ ಅಳೆಯೋ ಕಡ್ಡಿ, ಅಂದ್ರೆ ಪ್ರೋಬ್ ಹಾಕಿದ್ರೆ 3 ಮಿ.ಮೀ. ತನಕ ಸರಿ. 4 ದಾಟಿ ರಕ್ತವೂ ಬಂತು ಅಂದ್ರೆ ಅದು ಕ್ಲೀನಿಂಗ್ ಅಲ್ಲ, ಚಿಕಿತ್ಸೆ. ಅಲ್ಲಿ ಕಣ್ಣಿಗೆ ಏನೂ ಕಾಣಲ್ಲ, ಬೆರಳಿಗೆ ತಿಳೀಬೇಕು. ಮೇಲಷ್ಟೇ ತೆಗೆದು ಬಿಟ್ರೆ ಒಸಡು ಬಿಗಿಯಾಗಿ ಆ ಸಂದಿಯ ಬಾಯಿ ಮುಚ್ಚಿಕೊಳ್ಳುತ್ತೆ, ಒಳಗೆ ಉಳಿದದ್ದು ಕೀವು ಕಟ್ಟಬಹುದು. ರೋಗಿಗೆ ಮಾತ್ರ ಹಲ್ಲು ಫಳಫಳ!

ಹಾಗಾಗಿ ಸ್ಕೇಲರ್ ಯಾರ ಕೈಲಿದೆ ಅನ್ನೋದಕ್ಕಿಂತ ಮೊದಲು, ಪ್ರೋಬ್ ಹಾಕಿ ಅಳತೆ ಬರೆದುಕೊಂಡ್ರಾ ಅಂತ ಕೇಳಿ.