ಮುಧೋಳವೋ ಕಾರವಾನೋ? ಕೇಳಿದವರಿಗೆಲ್ಲ ಒಂದೇ ಉತ್ತರ

"ಇದು ಮುಧೋಳ ನಾಯಿನಾ, ಕಾರವಾನ್ ಹೌಂಡಾ? ಸರಿಯಾದ ಹೆಸರು ಯಾವುದು?" ನಮ್ಮ ನಾಯಿಯನ್ನು ಹೊರಗೆ ಕರ್ಕೊಂಡು ಹೋದರೆ ಸಾಕು, ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಎರಡೂ ಒಂದೇ ನಾಯಿ. ಮುಧೋಳ ಬಾಗಲಕೋಟೆ ಜಿಲ್ಲೆಯ ಊರು, ಘಟಪ್ರಭಾ ನದಿ ದಂಡೆಯಲ್ಲಿದೆ. ಮೊದಲು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ರಾಜಾ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ನಾಯಿ ಕಾಣಿಕೆ ಕೊಟ್ಟರು, ದೊರೆ ಅವನ್ನು ಮುಧೋಳದ ಹೌಂಡ್ ಅಂತ ಕರೆದ, ಅದೇ ಹೆಸರು ನಿಂತಿತು ಅಂತ ಹೇಳುತ್ತಾರೆ. ಇನ್ನು ಕಾರವಾನ್ ಅಂದರೆ ಸಾಲಾಗಿ ಊರೂರು ದಾಟಿ ಬರುತ್ತಿದ್ದ ವ್ಯಾಪಾರಿಗಳ ತಂಡ. ಅರಬ್ ನಾಡು, ಮಧ್ಯ ಏಷ್ಯಾ ಕಡೆಯಿಂದ ಅವರ ಜೊತೆ ಬಂದ, ಸಲೂಕಿ ಅನ್ನುವ ತೆಳ್ಳನೆಯ ಬೇಟೆನಾಯಿಯಂಥ ನಾಯಿಗಳ ವಂಶ ಇದು ಅನ್ನುವ ನಂಬಿಕೆಯಿಂದ ಆ ಹೆಸರು ಬಂದಿದೆ. ಹಳ್ಳಿಗಳಲ್ಲಿ ಕರ್ವಾನಿ ಅನ್ನುವುದೂ ಅದನ್ನೇ. ಕಿವಿ, ಬಾಲದ ಮೇಲೆ ಉದ್ದ ಕೂದಲು ಇದ್ದರೆ ಪಶ್ಮಿ ಅಂತಾರೆ. ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾ ಅನ್ನುವ ಸಂಸ್ಥೆಯ ಪುಸ್ತಕದಲ್ಲಿ ಕಾರವಾನ್ ಅಂತಿದೆ. ಇನ್ನೊಂದು ಸಂಸ್ಥೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್, ಮುಧೋಳ ಅಂತಲೇ ಬರೆಯುತ್ತದೆ. 2005ರಲ್ಲಿ ಅಂಚೆ ಇಲಾಖೆ ದೇಸಿ ನಾಯಿಗಳ ಸ್ಟಾಂಪ್ ತಂದಾಗ ಇದಕ್ಕೆ ಹಾಕಿದ ಹೆಸರೂ ಮುಧೋಳ.

ಇಷ್ಟು ಕೇಳಿ ಸುಮ್ನಿದ್ದರೆ ನನಗೇನೂ ತೊಂದರೆ ಇಲ್ಲ. ಆದರೆ ಒಮ್ಮೆ ಪಾರ್ಕಿನಲ್ಲಿ ಒಬ್ಬರು ಇದನ್ನೆಲ್ಲ ಕೇಳಿಸಿಕೊಂಡು, "ಮುಧೋಳ ಅನ್ನೋದು ಲೋಕಲ್ ಹೆಸರು ಕಣ್ರೀ, ಕಾರವಾನ್ ಅಂತ ಹೇಳಿ, ಜನ ಬೆಲೆ ಕೊಡ್ತಾರೆ" ಅಂದರು. ಅವರ ಕೈಯಲ್ಲಿದ್ದ ಹಗ್ಗದ ತುದಿಗೆ ಒಂದು ರಾಟ್‌ವೀಲರ್ ಇತ್ತು. ನನಗೆ ಸಿಟ್ಟು ತಡೆಯಲಾಗಲಿಲ್ಲ. ರಾಟ್‌ವೀಲರ್ ಅನ್ನುವ ಹೆಸರು ಎಲ್ಲಿಂದ ಬಂತು? ಜರ್ಮನಿಯ ರಾಟ್‌ವೈಲ್ ಅನ್ನುವ ಊರಿಂದ, ಅಲ್ಲಿನ ಕಟುಕರು ದನ ಅಟ್ಟಲು, ಗಾಡಿ ಎಳೆಸಲು ಸಾಕುತ್ತಿದ್ದ ನಾಯಿ ಅದು. ಪೊಮೇರಿಯನ್ ಹೆಸರು ಬಾಲ್ಟಿಕ್ ಕಡಲ ದಂಡೆಯ ಪೊಮೇರೇನಿಯಾದ್ದು. ಆ ಊರುಗಳ ಹೆಸರು ಹೇಳಿದರೆ ಮರ್ಯಾದೆ, ನಮ್ಮ ಊರಿನ ಹೆಸರು ಹೇಳಿದರೆ ಲೋಕಲ್! ಅವರ ಮುಖಕ್ಕೇ ಇದನ್ನು ಹೇಳಿದೆ. ಅವರು ಆಮೇಲೆ ನಾಯಿ ಎಷ್ಟು ಸಣಕಲು, ಊಟ ಹಾಕಲ್ವಾ ಅಂತ ಕೇಳಿದರು. ಹಾಕುತ್ತೇನೆ, ಚೆನ್ನಾಗಿ ತಿನ್ನುತ್ತದೆ. ಇದು ವಾಸನೆಗಿಂತ ಜಾಸ್ತಿ ಕಣ್ಣನ್ನು ನಂಬಿ ಅಟ್ಟಿಸಿಕೊಂಡು ಹೋಗುವ ಜಾತಿ, ಮೈಯಲ್ಲಿ ಕೊಬ್ಬು ಬೆಳೆದರೆ ಓಡುವುದು ಹೇಗೆ?

ನಿಜವಾಗಿ ಕೇಳಬೇಕಾದ್ದು ಹೆಸರಲ್ಲ. ಇದನ್ನು ಸಾಕಿ ಉಳಿಸಿದವರು ಯಾರು ಅಂತ ಕೇಳಿ. ಮಾಲೋಜಿರಾವ್ ಈ ನಾಯಿಯನ್ನು ಹೊಸದಾಗಿ ಹುಟ್ಟುಹಾಕಲಿಲ್ಲ. ಆ ಸೀಮೆಯ ಬೇಡರು ಬೇಟೆಗೆ ಬಳಸುತ್ತಿದ್ದ ನಾಯಿಗಳನ್ನು ನೋಡಿ, ಒಳ್ಳೆಯವನ್ನು ಆರಿಸಿ, ತಳಿ ಬೆಳೆಸಿದರು. ಅದು ದೊಡ್ಡ ಕೆಲಸವೇ. ಆದರೆ ಅದಕ್ಕೂ ಮೊದಲು ಎಷ್ಟೋ ತಲೆಮಾರು ಮೊಲದ ಹಿಂದೆ ಈ ನಾಯಿಯನ್ನು ಓಡಿಸಿ, ಜೋರಾಗಿ ಓಡಿದ್ದರ ಮರಿಯನ್ನೇ ಉಳಿಸಿಕೊಂಡು ಬಂದ ಬೇಡರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ರಾಜನ ಹೆಸರು, ದೊರೆಯ ಹೆಸರು ಮಾತ್ರ ಎಲ್ಲರ ಬಾಯಲ್ಲಿ. ಇದು ನನಗೆ ತುಂಬಾ ಬೇಜಾರು ತರುತ್ತದೆ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ನಾಯಿಗೆ ಹಳೆಯ ಕೆಲಸ ಹೋಯಿತು. ಆದರೂ ಮುಧೋಳದ ಸುತ್ತಲಿನ ರೈತರು ಬಿಡಲಿಲ್ಲ. ಹೊಲ ಕಾಯಲು ಇಟ್ಟುಕೊಂಡರು, ಮರಿ ಮಾರಿ ಸಂಸಾರಕ್ಕೆ ನಾಲ್ಕು ಕಾಸು ಮಾಡಿಕೊಂಡರು. ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. 2016ರಲ್ಲಿ ಮುಧೋಳದ ಮರಿಗಳು ಮೀರತ್‌ನಲ್ಲಿರುವ ಸೇನೆಯ ತರಬೇತಿ ಕೇಂದ್ರಕ್ಕೂ ಹೋದವು.

ಇನ್ನು ಮರಿ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ: ಮುಧೋಳಕ್ಕೆ ಹೋಗಿ, ಸಾಕುವವರ ಮನೆಯಲ್ಲಿ ತಾಯಿನಾಯಿಯನ್ನು ನೋಡಿ, ಅವರ ಜೊತೆ ಕೂತು ಮಾತಾಡಿ ತನ್ನಿ. ಚೌಕಾಸಿ ಮಾಡಬೇಡಿ. ದಿನಾ ಓಡಿಸಲು ಬಯಲಿಲ್ಲ, ಬಾಲ್ಕನಿಯಲ್ಲಿ ಕಟ್ಟಿಹಾಕುತ್ತೇವೆ ಅನ್ನುವುದಾದರೆ ದಯವಿಟ್ಟು ತರಲೇಬೇಡಿ.