ಕಂಬಿಯಿಂದ ಇಳಿದ ಕಾರ್ಡುಗಳು: ಮೂರು ತಿಂಗಳ ಕೆಲಸ

ಕಾಗದದ ಕಂಬಿ ಎಂದರೆ ಏನೆಂದು ಈಗಿನ ಮಕ್ಕಳಿಗೆ ತೋರಿಸಿಯೇ ಹೇಳಬೇಕು. ಒಂದೂವರೆ ಗೇಣು ಉದ್ದದ ಕಬ್ಬಿಣದ ತಂತಿ, ಕೆಳಗೊಂದು ಮರದ ಬಿಲ್ಲೆ, ಮೇಲಿನ ತುದಿ ಚೂಪಾಗಿ ಕೊಕ್ಕೆಯಂತೆ ಬಾಗಿರುತ್ತದೆ. ಅಂಚೆಯವನು ತಂದ ಕಾರ್ಡನ್ನು ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ, ನಡುವಿಗೆ ಚುಚ್ಚಿ ಅದಕ್ಕೆ ಏರಿಸಿ ತೊಲೆಗೆ ನೇತುಹಾಕುತ್ತಿದ್ದರು. ಇಂಥ ಮೂರು ಕಂಬಿಗಳು, ಅವುಗಳಲ್ಲಿ 312 ಕಾರ್ಡುಗಳು, ಒಂದು ಶ್ರೀಗಂಧದ ಪುಟ್ಟ ಪೆಟ್ಟಿಗೆ, ಭೂಮಿ ಹುಣ್ಣಿಮೆಗೆಂದು ಚಿತ್ತಾರ ಬರೆದ ಒಂದು ಭೂಮಣ್ಣಿ ಬುಟ್ಟಿ, ರಟ್ಟಿಗೆ ಅಂಟಿಸಿದ ನಾಲ್ಕು ಫೋಟೋಗಳು ದೀಪಾವಳಿ ಮುಗಿದ ವಾರ ನಮ್ಮ ತಾಲ್ಲೂಕಿನ ಇತಿಹಾಸ ಸಂಗ್ರಹಕ್ಕೆ ಬಂದವು. ಸಂಗ್ರಹ ಎಂದರೆ ದೊಡ್ಡದೇನಲ್ಲ. ಒಂದು ಕೋಣೆ, ಎರಡು ಉಕ್ಕಿನ ಬೀರು, ವಾರಕ್ಕೆ ಎರಡು ದಿನ ಬಂದು ಕೆಲಸ ಮಾಡುವ ನಾವು ನಾಲ್ವರು.

ಕೊಟ್ಟವರು ಎಂಬತ್ತು ದಾಟಿದ ಒಬ್ಬರು ಅಜ್ಜಿ. ಅವರು ಮದುವೆಯಾಗಿ ಬಂದ ಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಮನೆ, ತೋಟ, ಗದ್ದೆ ಎಲ್ಲವೂ ಒಳಗೆ ಹೋದವು. ಲಾರಿ ಹತ್ತುವಾಗ ಕಂಬಿಗಳನ್ನು ಯಾರು ಎತ್ತಿಕೊಂಡರು ಎಂಬುದು ಅಜ್ಜಿಗೆ ನೆನಪಿಲ್ಲ. ಬುಟ್ಟಿಯನ್ನು ಮಾತ್ರ ತಾವೇ ಮಡಿಲಲ್ಲಿ ಇಟ್ಟುಕೊಂಡು ಬಂದರಂತೆ.

ಮೊದಲ ವಾರ

ತಪ್ಪಿನಿಂದಲೇ ಶುರುವಾಯಿತು, ಅದನ್ನು ಬರೆದಿಡಲೇಬೇಕು. ಮೊದಲ ದಿನದ ಉತ್ಸಾಹದಲ್ಲಿ ನಾನು ಒಂದನೇ ಕಂಬಿಯ ಮೇಲಿನ ನಲವತ್ತು ಕಾರ್ಡುಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿದೆ. ಅವು ಯಾವ ಸಾಲಿನಲ್ಲಿದ್ದವು ಎಂಬುದರ ಫೋಟೋ ತೆಗೆದಿರಲಿಲ್ಲ. ಕಂಬಿಯಲ್ಲಿ ಕಾರ್ಡುಗಳು ಬಂದ ಕ್ರಮದಲ್ಲೇ ಕೂತಿರುತ್ತವೆ: ಬುಡದಲ್ಲಿ ಹಳೆಯದು, ತುದಿಯಲ್ಲಿ ಹೊಸದು. ತಾರೀಖು ಬರೆಯದ ಕಾರ್ಡಿಗೆ ಅದರ ಮೇಲಿನದು ಮತ್ತು ಕೆಳಗಿನದು ಎರಡೇ ಸಾಕ್ಷಿ. ಆ ಸಾಕ್ಷಿಯನ್ನು ನನ್ನ ಕೈಯಾರೆ ಕಳೆದೆ. ಮುದ್ರೆ ಸ್ಪಷ್ಟವಾಗಿದ್ದ 29 ಕಾರ್ಡುಗಳನ್ನು ಮರಳಿ ಸಾಲಿಗೆ ತರಲು ಸಾಧ್ಯವಾಯಿತು. ಉಳಿದ 11ರ ಮುಂದೆ ‘ಕ್ರಮ ತಪ್ಪಿದೆ’ ಎಂದು ದಾಖಲೆ ಪುಸ್ತಕದಲ್ಲಿ ಬರೆದಿದ್ದೇನೆ.

ಅಲ್ಲಿಂದ ಮುಂದೆ ಪದ್ಧತಿ ಬದಲಾಯಿತು. ಮೊದಲು ಕಂಬಿಯ ನಾಲ್ಕೂ ಬದಿಯಿಂದ ಫೋಟೋ. ಆಮೇಲೆ ತುದಿಯಿಂದ ಒಂದೊಂದೇ ಕಾರ್ಡನ್ನು ಬಿಡಿಸಿ, ಬಿಡಿಸಿದ ಕೂಡಲೇ ಸಂಖ್ಯೆ, ಬುಡದ ಹಳೆಯ ಕಾರ್ಡಿಗೆ ಒಂದು ಬರುವಂತೆ ಇಳಿಕೆಯ ಲೆಕ್ಕದಲ್ಲಿ. ಸಂಖ್ಯೆಯನ್ನು ಮೃದುವಾದ ಸೀಸದ ಕಡ್ಡಿಯಿಂದ ಮೂಲೆಯಲ್ಲಿ ಸಣ್ಣದಾಗಿ ಬರೆಯುತ್ತೇವೆ, ಶಾಯಿ ಕೂಡದು. ತುಕ್ಕು ಹಿಡಿದ ಕಡೆ ಕಾರ್ಡು ಕಚ್ಚಿಕೊಂಡಿರುತ್ತದೆ. ಎಳೆದರೆ ತೂತು ಹರಿಯುತ್ತದೆ, ಅದಕ್ಕೆ ತಂತಿಯನ್ನೇ ಮೆಲ್ಲಗೆ ತಿರುಗಿಸಬೇಕು. ಪ್ರತಿ ಕಾರ್ಡಿನ ನಡುವೆಯೂ ಒಂದು ತೂತು, ಅದರ ಸುತ್ತ ಕಂದು ಬಣ್ಣದ ಉಂಗುರ. ತೂತು ಮುಚ್ಚಿ ಅಂದಗೊಳಿಸಬಹುದಲ್ಲ ಎಂದು ಬಂದವರೊಬ್ಬರು ಕೇಳಿದರು. ಖಂಡಿತ ಮುಚ್ಚುವುದಿಲ್ಲ. ಈ ಕಾಗದವನ್ನು ಓದಿದರು, ಎಸೆಯದೆ ಇಟ್ಟುಕೊಂಡರು ಎಂದು ಹೇಳುವುದು ಆ ತೂತೇ.

ಮಸಿ

ಕಂಬಿಗಳು ಹೊಸ ಮನೆಯಲ್ಲೂ ಅಡುಗೆಮನೆಯ ಪಕ್ಕದ ಅಟ್ಟದಲ್ಲೇ ತೂಗುತ್ತಿದ್ದವು. ಒಲೆಯ ಹೊಗೆ ವರ್ಷಗಟ್ಟಲೆ ತಾಗಿ ಅಂಚುಗಳೆಲ್ಲ ಕಪ್ಪಾಗಿವೆ. ಆದರೆ ಗೆದ್ದಲಿಲ್ಲ, ಬೂಷ್ಟು ಇಲ್ಲ. ಮಲೆನಾಡಿನ ಮಳೆಯಲ್ಲಿ ಅರವತ್ತು ವರ್ಷ ಕಾಗದ ಉಳಿದದ್ದು ಆ ಹೊಗೆಯಿಂದ, ಬೆಚ್ಚಗಿನ ಒಣ ಗಾಳಿಯಿಂದ. ಅದೇ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಿಟ್ಟಿದ್ದ ಫೋಟೋಗಳಿಗೇ ಬೂಷ್ಟು ಬಂದಿದೆ.

ಮಸಿ ತೆಗೆಯಲು ನೀರು ಮುಟ್ಟಿಸುವಂತಿಲ್ಲ. ಹಲವು ಕಾರ್ಡುಗಳನ್ನು ಆ ಕಾಲದ ನೀಲಿ ಪೆನ್ಸಿಲಿನಿಂದ ಬರೆದಿದ್ದಾರೆ. ಒಣಗಿರುವಾಗ ಸೀಸದ ಕಡ್ಡಿಯ ಬರಹದಂತೆ ಬೂದಿ ಬಣ್ಣ, ಒಂದು ಹನಿ ಬಿದ್ದರೆ ನೇರಳೆ ಬಣ್ಣವಾಗಿ ಹರಡುತ್ತದೆ. ಒಣ ರಬ್ಬರ್ ಸ್ಪಂಜಿನಿಂದ ಒತ್ತದೆ ಒಂದೇ ದಿಕ್ಕಿನಲ್ಲಿ ಸವರುತ್ತೇವೆ, ಅಕ್ಷರ ಇರುವಲ್ಲಿ ಮೃದು ಕುಂಚ ಮಾತ್ರ. ಒಂದು ಕಾರ್ಡಿಗೆ ಹತ್ತರಿಂದ ಹದಿನೈದು ನಿಮಿಷ ಬೇಕು.

ಆಮೇಲೆ ಎರಡೂ ಬದಿಯ ಸ್ಕ್ಯಾನ್, 600 ಡಿಪಿಐ. ವಿಳಾಸದ ಬದಿಯನ್ನು ಬಿಟ್ಟು ಬರಹವನ್ನಷ್ಟೇ ಸ್ಕ್ಯಾನ್ ಮಾಡುವವರಿದ್ದಾರೆ, ಅದು ಅರ್ಧ ಕಾರ್ಡನ್ನು ಎಸೆದಂತೆ. ಇಡುವುದು ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ, ರಟ್ಟಿನ ಡಬ್ಬಿಯಲ್ಲಿ ನಿಲ್ಲಿಸಿ. ದಯವಿಟ್ಟು ಯಾರೂ ಹಳೆಯ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಅವೆರಡನ್ನೂ ಬಿಡಿಸುವ ಕಷ್ಟ ನಮಗೆ ಗೊತ್ತು.

ತಾರೀಖಿನ ಲೆಕ್ಕ

ಎರಡನೇ ತಿಂಗಳು ಪೂರ್ತಿ ಇದಕ್ಕೇ ಹೋಯಿತು, ನನಗೆ ಅತ್ಯಂತ ಖುಷಿ ಕೊಟ್ಟದ್ದೂ ಇದೇ. ಮನೆಯ ಹಿರಿಯರು ಇಸವಿ ಬರೆಯುತ್ತಿರಲಿಲ್ಲ. ‘ಕ್ರೋಧಿ ಸಂ|| ಆಷಾಢ ಬ|| 3’ ಎಂದಿರುತ್ತದೆ, ಎಂದರೆ ಕ್ರೋಧಿ ಸಂವತ್ಸರದ ಆಷಾಢ ಬಹುಳ ತದಿಗೆ. ಕ್ರೋಧಿ 1964-65. ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ 1904-05 ಕೂಡ ಕ್ರೋಧಿಯೇ. ಆಗ ಕಾರ್ಡನ್ನು ತಿರುಗಿಸಿ ನೋಡಬೇಕು. ಅಚ್ಚಾದ ಬೆಲೆ ಆಣೆ ಲೆಕ್ಕದಲ್ಲಿದ್ದರೆ ಅದು 1957ರ ಏಪ್ರಿಲ್‌ಗಿಂತ ಹಿಂದೆ ಅಚ್ಚಾದದ್ದು. ನಯೇ ಪೈಸೆ ಇದ್ದರೆ 1957ರಿಂದ 1964ರ ನಡುವಿನದು, ಅಚ್ಚಾದ ಮೇಲೆ ಮನೆಯಲ್ಲಿ ಕೆಲಕಾಲ ಉಳಿದು ಆಮೇಲೆ ಬರೆದಿರಲೂಬಹುದು. ವಿಳಾಸದಲ್ಲಿ ಆರಂಕಿಯ ಪಿನ್ ಸಂಖ್ಯೆ ಕಂಡರೆ 1972ರ ಆಗಸ್ಟ್ 15ರ ನಂತರದ್ದು ಎಂದು ಕಣ್ಣುಮುಚ್ಚಿ ಹೇಳಬಹುದು. ಅಜ್ಜಿಯ ತವರು ಸಿದ್ದಾಪುರದ ಕಡೆ. ಆ ಸೀಮೆ 1956ರ ನವೆಂಬರ್ ಒಂದರವರೆಗೆ ಬೊಂಬಾಯಿಗೆ ಸೇರಿತ್ತು. ಸಾಗರದಿಂದ ಒಂದು ಹಗಲಿನ ದಾರಿ, ಕಾರ್ಡಿನ ಮೇಲೆ ಮಾತ್ರ ಬೇರೆ ರಾಜ್ಯ.

ಬರಹಕ್ಕೂ ಒಂದು ಕಟ್ಟು ಇತ್ತು. ಮೇಲೆ ‘ಶ್ರೀ’, ಬಲಕ್ಕೆ ‘ಕ್ಷೇಮ’, ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’. ನಂತರ ಅಡಿಕೆ ಧಾರಣೆ, ಮಳೆ, ಕೊಳೆರೋಗ, ಎಮ್ಮೆ ಕರು ಹಾಕಿದ್ದು. ಅಂಗೈಯಗಲದ ಜಾಗ ಮುಗಿದ ಮೇಲೆ ನಾಲ್ಕು ಅಂಚಿನಲ್ಲೂ ಅಡ್ಡಡ್ಡ ಬರೆದ ಸಾಲುಗಳು. ಮುಖ್ಯ ಮಾತು ಹೆಚ್ಚಾಗಿ ಆ ಅಂಚಿನಲ್ಲೇ ಸಿಗುತ್ತದೆ. ಮದುವೆಯ, ಉಪನಯನದ ಕಾರ್ಡುಗಳ ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಹಳದಿಯಾಗಿಯೇ ಇದೆ.

ಒಂದು ಕಾರ್ಡು

ಕ್ರೋಧಿ ಆಷಾಢದ್ದು, ಎಂದರೆ 1964ರ ಜುಲೈಯದ್ದು. ಇದರ ವಿಳಾಸದಲ್ಲಿ ಮೂರು ಕೈಬರಹಗಳಿವೆ. ಮೊದಲನೆಯದು ಅಜ್ಜಿಯ ತಂದೆಯದು: ಕಣಿವೆಯ ಊರು, ಸಾಗರ ತಾಲ್ಲೂಕು. ಅದನ್ನು ಒಂದೇ ಗೆರೆಯಿಂದ ಹೊಡೆದು, ಮೇಲೆ ಕೆಂಪು ಶಾಯಿಯಲ್ಲಿ ಇನ್ನೊಬ್ಬರು ಬರೆದ ಬೇರೆ ಊರು. ಅದನ್ನೂ ಹೊಡೆದು ಕೆಳಗೆ ಪೆನ್ಸಿಲಿನಲ್ಲಿ ಮೂರನೆಯದು. ನಾಲ್ಕು ಅಂಚೆ ಮುದ್ರೆಗಳು, ಮೊದಲನೆಯದಕ್ಕೂ ಕೊನೆಯದಕ್ಕೂ ಹತ್ತೊಂಬತ್ತು ದಿನದ ಅಂತರ. ಮಳೆಹನಿ ಬಿದ್ದು ಊರಿನ ಹೆಸರಿನ ಮೊದಲ ಅಕ್ಷರ ನೇರಳೆಯಾಗಿ ಹರಡಿದೆ. ಬರಹದ ಬದಿಯಲ್ಲಿ ತಂದೆ ಕೇಳಿದ್ದು ಇಷ್ಟೇ: ‘ಮನೆ ಖಾಲಿ ಮಾಡಿದಿರೋ ಹೇಗೆ, ತಿಳಿಸುವುದು.’ ಉತ್ತರ ಆ ಪ್ರಶ್ನೆಯ ಹಿಂಬದಿಯಲ್ಲೇ, ಅಂಚೆಯವರ ಕೈಯಲ್ಲಿ ಬರೆದಾಗಿತ್ತು.

ನಾನು ಈ ಕಾರ್ಡನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಮುಳುಗಡೆಯ ಬಗ್ಗೆ ಓದಿದ್ದೇನೆ, ಬೇಸಿಗೆಯಲ್ಲಿ ನೀರಿಳಿದಾಗ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆದ್ದದ್ದನ್ನು ನೋಡಿದ್ದೇನೆ. ಆದರೂ ಒಂದು ಊರು ವಿಳಾಸವಾಗಿ ಉಳಿಯದೆ ಹೋದದ್ದನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಇಲ್ಲದ ಕಾರ್ಡು

ಎರಡನೇ ಕಂಬಿಯ 118ನೇ ಕಾರ್ಡು ಶೋಭಕೃತ್ ಕಾರ್ತಿಕದ್ದು, 1963ರ ನವೆಂಬರ್ ಹೊತ್ತಿನದು. ‘ನಿನ್ನ ಅಕ್ಕ ಚಿ|| ಸೌ||’ ಎಂದು ಹೆಸರು ಬರೆದು, ಗಂಡನ ಮನೆಯಲ್ಲಿ ಕ್ಷೇಮವಾಗಿದ್ದಾಳೆ ಎಂದಿದೆ. ‘ಸೌ||’ ಎಂದರೆ ಸೌಭಾಗ್ಯವತಿ, ಗಂಡ ಇರುವವಳು. 119ನೆಯದು ಅಡಿಕೆ ಮಂಡಿಯ ಲೆಕ್ಕ. 120ನೆಯದು ಫಾಲ್ಗುಣದ್ದು: ‘ಅಕ್ಕ ಇನ್ನು ಇಲ್ಲಿಯೇ ಇರುತ್ತಾಳೆ.’ ಹೆಸರಿನ ಹಿಂದೆ ‘ಸೌ||’ ಇಲ್ಲ. ಅಲ್ಲಿಂದ ಮುಂದೆ ಯಾವ ಕಾರ್ಡಿನಲ್ಲೂ ಇಲ್ಲ.

ಬಿಡಿಸಿದ ಕಾರ್ಡುಗಳಲ್ಲಿ ಒಂದೂ ಸಾವಿನ ಕಾಗದವಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಅಜ್ಜಿಯನ್ನು ಕೇಳಲು ಎರಡು ವಾರ ಮನಸ್ಸು ಬರಲಿಲ್ಲ. ಕೊನೆಗೆ ಸ್ಕ್ಯಾನ್ ಪ್ರತಿ ಕೊಡಲು ಹೋದಾಗ ಕೇಳಿದೆ.

‘ಅಂಥದ್ದನ್ನು ಒಳಗೆ ತರುವುದಿಲ್ಲ ತಂಗೀ’ ಎಂದರು. ‘ಮಾವನವರು ಅಂಗಳದಲ್ಲೇ ಓದಿ ಹರಿದು ಹಾಕಿದರು. ಅಪ್ಪಯ್ಯನ ಅಕ್ಷರ ನಾನು ನೋಡಲೇ ಇಲ್ಲ. ಬಚ್ಚಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡು ಒಳಗೆ ಬಂದೆ.’

ಅದನ್ನು ದಾಖಲೆ ಪುಸ್ತಕದಲ್ಲಿ ಬರೆಯಬಹುದೇ ಎಂದು ಕೇಳಿದೆ.

‘ಹರಿದದ್ದನ್ನೂ ಬರೆಯುತ್ತೀಯಾ?’ ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬರೆ. ಅಕ್ಕನ ಹೆಸರು ಮಾತ್ರ ಬೇಡ.’

ಈಗ 119 ಮತ್ತು 120ರ ನಡುವೆ ಸಂಖ್ಯೆಯಿಲ್ಲದ ಒಂದು ಸಾಲಿದೆ: ‘ಈ ನಡುವೆ ತವರಿನಿಂದ ಬಂದ ಒಂದು ಕಾರ್ಡನ್ನು ಮನೆಯ ಹೊರಗೆ ಓದಿ ಹರಿಯಲಾಗಿದೆ. ಮನೆಯವರ ಹೇಳಿಕೆ.’ ಎಲ್ಲರೂ ನೋಡುವ ಪ್ರತಿಯಲ್ಲಿ ಅಕ್ಕನ ಹೆಸರಿರುವ ಕಾರ್ಡುಗಳನ್ನು ಹಾಕುವುದಿಲ್ಲ. ಅವು ಮನೆಯವರ ಅನುಮತಿ ಇದ್ದರೆ ಮಾತ್ರ ತೆರೆಯುವ ಡಬ್ಬಿಯಲ್ಲಿವೆ.

ಉಳಿದವು

ಶ್ರೀಗಂಧದ ಪೆಟ್ಟಿಗೆ ಸಾಗರದ ಗುಡಿಗಾರರ ಕೆತ್ತನೆ, ಮುಚ್ಚಳದ ಒಂದು ಮೂಲೆ ಮುರಿದಿದೆ. ಒಳಗೆ ಯಾರಿಗೂ ಕಳುಹಿಸದ ಒಂದು ಚಿತ್ರದ ಕಾರ್ಡು ಇತ್ತು. ನಮ್ಮ ಜೋಗವೇ, ಆದರೆ ಅಡಿಬರಹ ಇಂಗ್ಲಿಷಿನಲ್ಲಿ ‘ಗೇರುಸೊಪ್ಪ ಫಾಲ್ಸ್’ ಎಂದಿದೆ. ಬ್ರಿಟಿಷರು ಹಾಗೆಯೇ ಕರೆಯುತ್ತಿದ್ದರು. ಭೂತಗನ್ನಡಿಯಲ್ಲಿ ಚುಕ್ಕೆಗಳು ಕಾಣುವುದರಿಂದ ಇದು ಅಚ್ಚಾದ ಚಿತ್ರ, ಫೋಟೋ ಪ್ರತಿಯಲ್ಲ. ಭೂಮಣ್ಣಿ ಬುಟ್ಟಿಯ ಚಿತ್ತಾರದ ಕೆಮ್ಮಣ್ಣು ಉದುರುತ್ತಿದೆ, ಅದಕ್ಕೆ ಕೈ ಹಾಕುವ ಧೈರ್ಯ ನಮಗಿಲ್ಲ. ಕೆಳಗೆ ಬಿಳಿ ಬಟ್ಟೆ ಹಾಸಿ ಇಟ್ಟಿದ್ದೇವೆ. ಬಲ್ಲವರನ್ನು ಕೇಳಲು ಮುಂದಿನ ತಿಂಗಳು ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋಗುತ್ತೇವೆ.

ಇಂದಿಗೆ 251 ಕಾರ್ಡುಗಳು ಮುಗಿದಿವೆ. ಮೂರನೇ ಕಂಬಿಯಲ್ಲಿ ಇನ್ನೂ 61 ಇವೆ, ಮಳೆ ಹಿಡಿಯುವ ಮೊದಲು ಅವನ್ನು ಲಕೋಟೆಗೆ ಸೇರಿಸಬೇಕು. ಖಾಲಿಯಾದ ಎರಡು ಕಂಬಿಗಳ ತುಕ್ಕನ್ನು ಉಜ್ಜದೆ, ಅವಕ್ಕೂ ಸಂಖ್ಯೆ ಕೊಟ್ಟು, ಕಾರ್ಡುಗಳ ಡಬ್ಬಿಯ ಪಕ್ಕದಲ್ಲೇ ಬೇರೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.